ಕಂಬಳಕ್ಕೆ ಬೆನ್ನು ಹಾಕಿ ಬಂಗುಡೆ ಸುಟ್ಟವರು

ನನ್ನ ಚಿಕ್ಕಪ್ಪನಷ್ಟು ಕಂಬಳಕ್ಕೆ ಹೋದವರು ಕಾಪುವಿನಿಂದ ಕಾರ್ಕಳದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಅವರಷ್ಟು ಕಡಿಮೆ ಕಂಬಳ ನೋಡಿದವರೂ ಸಿಗಲಿಕ್ಕಿಲ್ಲ! ಕೋಣಗಳು ಓಡುವ ಕೆಸರುಗದ್ದೆಗೆ ಬೆನ್ನು ಹಾಕಿ, ತೆಂಗಿನ ಗೆರಟೆಯ ಕೆಂಡದಲ್ಲಿ ಬಂಗುಡೆ ಮೀನು ಸುಡುತ್ತಾ ಕೂರುವುದೇ ಅವರ ಕಂಬಳ.

ಕಾರಣ ಉಂಟು. ಮೊದಲು ದೊಡ್ಡಪ್ಪನ ಕೋಣಗಳನ್ನು ಓಡಿಸುತ್ತಿದ್ದವರು ಇವರೇ. ಎಪ್ಪತ್ತರ ದಶಕದಲ್ಲಿ ಒಮ್ಮೆ ಹಗ್ಗ ಕೈತಪ್ಪಿ, ಅಷ್ಟು ಜನರ ಎದುರು ಕೆಸರಿನಲ್ಲಿ ಮಕಾಡೆ ಬಿದ್ದರು. ಮರುವಾರ ದೊಡ್ಡಪ್ಪ ಒಂದು ಮಾತೂ ಹೇಳದೆ ಹಗ್ಗವನ್ನು ಬೇರೆಯವನ ಕೈಗೆ ಕೊಟ್ಟರು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಒಂದೇ ಬಾವಿಯ ನೀರು, ನಡುವೆ ಬೇಲಿ. "ನಾನು ಕಣ್ಣು ಮುಚ್ಚುವುದರೊಳಗೆ ಇವರಿಬ್ಬರು ಒಂದೇ ಎಲೆಯಲ್ಲಿ ತಿನ್ನುವುದನ್ನು ನೋಡಬೇಕು" ಎಂದು ಅಜ್ಜಿ ಎರಡೂ ಮನೆಯಲ್ಲಿ ಕೂತು ಕಣ್ಣೊರೆಸುತ್ತಿದ್ದರು.

ಅಷ್ಟು ಸಿಟ್ಟಿದ್ದರೆ ಮನೆಯಲ್ಲೇ ಕೂರಬಹುದಿತ್ತು, ಅಲ್ವಾ? ಅದು ಅವರಿಂದ ಆಗುವ ಕೆಲಸವೇ ಅಲ್ಲ. ಬೆಳಿಗ್ಗೆಯೇ ಮಲ್ಪೆಯಿಂದ ಮೀನು ತಂದು, ಮೆಣಸು ಹುಣಸೆಹುಳಿ ಅರೆದು ಹಚ್ಚಿ, ಹಳೆಯ ಸೈಕಲ್ ರಿಮ್ಮಿಗೆ ತಂತಿ ಹೆಣೆದ ಜಾಲರಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವರು.

"ಉಳಿದ ಸೈಕಲ್ ಎಲ್ಲಿ ಮಾರಾಯ್ರೆ?" ಎಂದು ಕಂಡಕ್ಟರ್ ಕೇಳಿದರೆ, "ಹಿಂದಿನ ಬಸ್ಸಿನಲ್ಲಿ ಬರ್ತಾ ಉಂಟು" ಎನ್ನುವರು.

ಅವರಿಗೆ ಗಡಿಯಾರ ಬೇಡ. ಮೂರು ಜೋಡಿ ಕೋಣ ಓಡಿದರೆ ಮೀನಿನ ಒಂದು ಬದಿ ಬೆಂದಿತು, ಮತ್ತೆ ಮೂರು ಓಡಿದರೆ ಇನ್ನೊಂದು ಬದಿ. ತಿರುಗಿ ನೋಡುವ ಪ್ರಶ್ನೆಯೇ ಇಲ್ಲ, ಎಲ್ಲ ಕಿವಿಯಲ್ಲೇ. ಈ ಅಭ್ಯಾಸದಿಂದ ಮನೆಯಲ್ಲಿ ಮೀನು ಸುಡಲಿಕ್ಕೇ ಬಾರದ ಹಾಗಾಯಿತು. ಒಮ್ಮೆ ನೆಂಟರು ಬಂದಾಗ, ಉಡುಪಿಯಲ್ಲಿ ಟೈಪಿಂಗ್ ಕಲಿಯುತ್ತಿದ್ದ ನನ್ನನ್ನು ಕರೆದು, "ಅಂಗಳದ ಆ ತುದಿಯಿಂದ ಈ ತುದಿಗೆ ಮೂರು ಸಲ ಓಡು ಮಗಾ" ಎಂದರು.

"ನಾನೆಂತ ಕೋಣವಾ?"

"ಕೋಣ ಇಷ್ಟು ಮಾತಾಡುವುದಿಲ್ಲ."

ಓಡಿದೆ. ಮೀನು ಹಸಿಯಾಗಿಯೇ ಉಳಿಯಿತು. ನನ್ನ ಸ್ಪೀಡು ಜಾಸ್ತಿಯಾಯಿತೆಂದು ನೆಂಟರ ಎದುರು ನನಗೇ ಬೈಗುಳ!

ಕಂಬಳದಲ್ಲಿ ಸುಟ್ಟ ಮೀನನ್ನು ಕಂಡವರಿಗೆಲ್ಲ ಬಾಳೆಲೆಯಲ್ಲಿ ಹಂಚುವರು. ದೊಡ್ಡಪ್ಪನಿಗೆ ಮಾತ್ರ ಇಲ್ಲ. ಮೈಕಿನಲ್ಲಿ ದೊಡ್ಡಪ್ಪನ ಹೆಸರು ಬಂದರೆ ಸಾಕು, ಇವರು ಕೆಂಡವನ್ನು ಬುಸುಬುಸು ಊದುವರು.

ಹೀಗೆ ಏಳೆಂಟು ವರ್ಷ ಕಳೆಯಿತು. ಕಾರ್ಕಳದ ಹತ್ತಿರ ಒಂದು ಕಂಬಳಕ್ಕೆ ನಾನೂ ಅವರ ಜೊತೆ ಹೋಗಿದ್ದೆ. ಮಧ್ಯಾಹ್ನ ಮೈಕಿನಲ್ಲಿ ದೊಡ್ಡಪ್ಪನ ಹೆಸರು ಬಂತು, ಚಿಕ್ಕಪ್ಪ ಊದಿದರು. ಗೊರಸಿನ ಸದ್ದು ಹತ್ತಿರ ಬಂತು. ಇದ್ದಕ್ಕಿದ್ದಂತೆ ಜನರ ಕೂಗು ನಿಂತಿತು. ಅದೇನೆಂದು ಅವರ ಕಿವಿಗೆ ಗೊತ್ತಿತ್ತು. ಮೀನು ಬಿಟ್ಟು, ನನ್ನನ್ನು ದೂಡಿ, ಕೆಸರಿಗೆ ಇಳಿದೇಬಿಟ್ಟರು. ದೊಡ್ಡಪ್ಪನ ಕೋಣ ಓಡಿಸುತ್ತಿದ್ದವನು ಬಿದ್ದಿದ್ದ. ಅವನನ್ನು ಎಬ್ಬಿಸಿ, ತನ್ನ ಹೆಗಲ ಬೈರಾಸಿನಿಂದ ಅವನ ಮುಖ ಒರೆಸಿ, ಪಕ್ಕದಲ್ಲೇ ನಿಂತಿದ್ದ ಅಣ್ಣನಿಗೆ ಕೇಳುವ ಹಾಗೆ ಹೇಳಿದರು, "ಬಿದ್ದದ್ದಕ್ಕೆ ಹೆದರಬೇಡ. ಬರುವ ವಾರವೂ ಹಗ್ಗ ನಿನ್ನ ಕೈಯಲ್ಲೇ ಇರಬೇಕು."

ದೊಡ್ಡಪ್ಪ ತಲೆ ತಗ್ಗಿಸಿದರು.

ವಾಪಸು ಬಂದು ನೋಡಿದರೆ ಬಂಗುಡೆಗಳ ಕೆಳಬದಿ ಕರಿ. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಬಂದು ಕೆಂಡದ ಆಚೆ ಕುಕ್ಕರುಗಾಲಿನಲ್ಲಿ ಕೂತರು. ಚಿಕ್ಕಪ್ಪ ಒಂದು ಮೀನನ್ನು ಎಲೆಗೆ ಹಾಕಿ ಮುಂದೆ ಇಟ್ಟರು.

"ಒಂದು ಬದಿ ಸೀದಿದೆ ಅಣ್ಣ."

"ಸೀದದ್ದು ನನಗೆ ಇರಲಿ. ಒಳ್ಳೆಯ ಬದಿ ನೀನು ತೆಗೆದುಕೋ."

ನನಗೆ ಅಳು ತಡೆಯಲಾಗಲಿಲ್ಲ. ಮನೆಗೆ ಹೋಗಿ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಕೋಣ ಸೋತಿತಾ ಗೆದ್ದಿತಾ ಎಂದು ಅವರು ಕೇಳಲೇ ಇಲ್ಲ.

"ಒಂದೇ ಎಲೆಯಲ್ಲಿಯಾ?" ಎಂದರು.

"ಹೌದಜ್ಜಿ, ಒಂದೇ ಎಲೆಯಲ್ಲಿ."

"ಇನ್ನೊಂದು ಸಲ ಹೇಳು" ಎಂದು ನನ್ನ ಕೈ ಹಿಡಿದುಕೊಂಡರು.