ಮುಳುಗುವೀರನಿಗೆ ಅಭ್ಯಂಜನ

ಬ್ರಹ್ಮಾವರದ ಮೀನು ಮಾರುಕಟ್ಟೆಯಲ್ಲಿ ನನ್ನಂಥ ವ್ಯಾಪಾರಿ ಇನ್ನೊಬ್ಬನಿಲ್ಲ! ಇದು ಜಂಬವಲ್ಲ, ಸತ್ಯ. ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಬೇಕಾಗಿದೆ. ಮೂರು ಮಾರು ದೂರದಿಂದ ಕಣ್ಣು ನೋಡಿಯೇ ಅಂಜಲ್ ಮೀನಿನ ಜಾತಕ ಬರೆದುಕೊಡಬಲ್ಲ ಚಂದ್ರ ನಾನು, ಒಂದು ಗೊಂಬೆ ಮಾರಲಾರೆನೇ? ೨೦೧೨ರ ಆ ಭಾನುವಾರ ಮಾರಿಯೇ ತೀರುತ್ತೇನೆಂದು ಪ್ರತಿಜ್ಞೆ ಮಾಡಿದೆ.

ಗೊಂಬೆಯ ಕತೆ ಮೊದಲು ಹೇಳಬೇಕು. ನನ್ನ ಹೆಂಡತಿ ಸುಗುಣಳ ತಮ್ಮ ಯತೀಶ್ ಮುಂಬೈಯ ಹೋಟೆಲಿನಲ್ಲಿದ್ದ. ೧೯೯೮ರಲ್ಲಿ ಊರಿಗೆ ಬಂದಾಗ ನಮ್ಮ ಮಗ ಸುಜನ್‌ಗೆಂದು ಯಾವುದೋ ಇಂಗ್ಲಿಷ್ ಸಿನಿಮಾದ ನಾಯಕನ ಗೊಂಬೆ ತಂದ. ಹಸಿರು ಕವಚ, ತಲೆಗೆ ಗಾಜಿನ ಟೊಪ್ಪಿ, ಕೈಯಲ್ಲಿ ಈಟಿ. ಸಮುದ್ರದ ತಳ ಮುಟ್ಟಿ ಜೀವಸಹಿತ ಎದ್ದು ಬರುವ ಮುಳುಗುವೀರನಂತೆ! ಪೆಟ್ಟಿಗೆಗೆ ಎದುರು ಪ್ಲಾಸ್ಟಿಕ್ ಕಿಟಕಿ, ಮೇಲೆ ಅಂಟಿಸಿದ ಮೊಹರು. ಐದು ವರ್ಷದ ಸುಜನ್ ಬಿಚ್ಚಲು ಹೋದ. ಯತೀಶ್ ತಡೆದ. ಬ್ಯಾಟರಿ ತಂದು, ಈಟಿಯಲ್ಲಿ ಬೆಳಕು ಬರಿಸಿ, ತಾನೇ ಕೊಡಬೇಕೆಂದು ಅವನ ಆಸೆ.

"ನಾ ಬಪ್ಪತನ್ಕ ಮುಟ್ಟುಕಾಗ," ಎಂದು ಹೇಳಿ ಬೋಟು ಹತ್ತಿದ.

ಆ ದಿನ ಹಂಗಾರಕಟ್ಟೆಯಿಂದ ಆ ಬೋಟಿನಲ್ಲಿ ಮೀನು ಹಿಡಿಯಲು ಹೋಗಬೇಕಾಗಿದ್ದವನು ನಾನು. ಜ್ವರವೆಂದು ಮಲಗಿದ್ದೆ, ಬದಲಿಗೆ ಅವನು ಹೋದ. ಜ್ವರ ಅಷ್ಟೇನೂ ಇರಲಿಲ್ಲ. ಬೋಟು ಮಗುಚಿತು. ಉಳಿದವರು ಈಜಿ ದಡ ಸೇರಿದರು. ಯತೀಶ್ ಸಿಗಲಿಲ್ಲ, ಅವನ ಹೆಣವೂ ಸಿಗಲಿಲ್ಲ.

ಹೆಣ ಕಾಣದೆ ಉತ್ತರಕ್ರಿಯೆ ಮಾಡಲು ಸುಗುಣ ಒಪ್ಪಲಿಲ್ಲ. ಅವನೇ ಬಂದು ಬಿಚ್ಚಲಿ ಎಂದು ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟು ಹದಿನಾಲ್ಕು ವರ್ಷ ಧೂಳು ಒರೆಸಿದಳು. ನಾನು ಕಡಲಿಗೆ ಕೈಮುಗಿದು ದಡದ ಮೇಲೆ ಮೀನು ಮಾರಲು ಕುಳಿತೆ. ಉಣ್ಣಲು ಕೂತರೆ ಆ ವೀರ ಕಿಟಕಿಯೊಳಗಿಂದ ನನ್ನನ್ನೇ ನೋಡುತ್ತಿದ್ದ. ಒಂದು ತುತ್ತೂ ನೆಮ್ಮದಿಯಿಂದ ಗಂಟಲಿಗೆ ಇಳಿಯಲಿಲ್ಲ. ಹೊಟ್ಟೆ ಮಾತ್ರ ಹೇಗೋ ಬೆಳೆಯಿತು!

ಹೀಗಿರುವಾಗ ದೇವರಂತೆ ಬಂದವನು ಕೀರ್ತನ್. ಕುಂದಾಪುರದವನು, ವಾರಕ್ಕೊಮ್ಮೆ ನನ್ನಲ್ಲಿ ಬಂಗುಡೆ ಒಯ್ಯುವ ಗಿರಾಕಿ. ಇಪ್ಪತ್ತೈದು ತುಂಬಿದ, ಮೀಸೆ ಹೊತ್ತ ಗಂಡಸಿಗೆ ಸಿನಿಮಾ ಗೊಂಬೆಗಳ ಹುಚ್ಚು! ಮೀನು ಕೊಯ್ಯುವಷ್ಟು ಹೊತ್ತು ಮೊಬೈಲಿನಲ್ಲಿ ಒಂದೊಂದನ್ನೇ ತೋರಿಸುತ್ತಿದ್ದ. ಅದರಲ್ಲಿ ನಮ್ಮ ಮುಳುಗುವೀರನೂ ಕಂಡ. ಇವನು ನಮ್ಮ ಮನೆಯಲ್ಲೇ ಇದ್ದಾನೆ ಎಂದೆ. ಕೀರ್ತನ್ ಕೊಯ್ಯಿಸಿದ ಮೀನು ಅಲ್ಲೇ ಮರೆತು, ಭಾನುವಾರ ಬರುತ್ತೇನೆ ಎಂದು ಹೊರಟ. ಒಳ್ಳೆಯ ಬೆಲೆಗೆ ಮಾರುತ್ತೇನೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಪುಕ್ಕಟೆಯಾದರೂ ಸರಿ, ಆ ಕಣ್ಣು ಮನೆ ಬಿಟ್ಟು ಹೋದರೆ ಸಾಕಿತ್ತು.

ಸುಗುಣ ಮಗನನ್ನು ಕರೆದುಕೊಂಡು ಬಿಜೂರಿನಲ್ಲಿ ಅಕ್ಕನ ಹೊಸ ಮನೆಯ ಒಕ್ಕಲಿಗೆ ಹೋಗಿದ್ದಳು. ಕೇಳಿದರೆ ಇಲಿ ಎಳೆದೊಯ್ದಿತು ಎನ್ನುವ ಸುಳ್ಳು ಸಿದ್ಧವಾಗಿತ್ತು. ಉಳಿದದ್ದು ಸರಕಿನ ಸಿಂಗಾರ.

ನಮ್ಮ ಕಸುಬಿನಲ್ಲಿ ಒಂದು ಶಾಸ್ತ್ರವಿದೆ. ಮುಚ್ಚಿಟ್ಟ ಬುಟ್ಟಿಯ ಮೀನನ್ನು ಯಾರೂ ನಂಬುವುದಿಲ್ಲ. ಗಿರಾಕಿ ಕಿವಿರು ಎತ್ತಬೇಕು, ಹೊಟ್ಟೆ ಒತ್ತಬೇಕು, ಮೂಸಬೇಕು, ಆಮೇಲೆ ಮಾತು. ಹದಿನಾಲ್ಕು ವರ್ಷ ಡಬ್ಬಿಯೊಳಗೆ ಮುಚ್ಚಿಟ್ಟ ಮಾಲನ್ನು ಯಾವ ಮೂರ್ಖ ಕೊಂಡಾನು? ಮೀನು ಕತ್ತಿಯಿಂದ ಮೊಹರು ಸೀಳಿದೆ. ಕೈಕಾಲಿಗೆ ಬಿಗಿದ ತಂತಿ ಕತ್ತರಿಸಿದೆ. ಸಾಬೂನು ಹಚ್ಚಿ ತಿಕ್ಕಿ, ತೆಂಗಿನೆಣ್ಣೆ ಸವರಿ, ಚಾವಡಿಯಲ್ಲಿ ತಟ್ಟೆಯ ತುಂಬ ಐಸು ಹರಡಿ ವೀರನಿಗೆ ಅದರ ಮೇಲೆ ಶಯನ ಮಾಡಿಸಿದೆ. ಮೈ ಗಟ್ಟಿ, ಕಣ್ಣು ಫಳಫಳ! ಕಿವಿರು ಇದ್ದಿದ್ದರೆ ಅದನ್ನೂ ಎತ್ತಿಡುತ್ತಿದ್ದೆ. ಖಾಲಿ ಪೆಟ್ಟಿಗೆಯನ್ನು ಬಚ್ಚಲ ಒಲೆಗೆ ಹಾಕಿ ಬಿಸಿನೀರಿನ ಸ್ನಾನ ಮಾಡಿದೆ.

ಕೀರ್ತನ್ ಬಂದ. ತಟ್ಟೆ ನೋಡಿದ. ಪೆಟ್ಟಿಗೆ ಎಲ್ಲಿ ಎಂದ. ಒಲೆಯಲ್ಲಿ ಎಂದೆ. ಅವನು ಒಲೆಯ ಬೂದಿ ಕೆದಕಿ ನೋಡಿ ಬಂದು ಮೆಟ್ಟಿಲ ಮೇಲೆ ಕುಳಿತ.

ಆಮೇಲೆ ತಿಳಿಸಿ ಹೇಳಿದ. ಓಡಿದ ಸಿನಿಮಾದ ಗೊಂಬೆ ರಾಶಿ ರಾಶಿ ಬರುತ್ತದಂತೆ, ಅದಕ್ಕೆ ಕಿಮ್ಮತ್ತಿಲ್ಲ. ಈ ಸಿನಿಮಾ ಒಂದೇ ವಾರದಲ್ಲಿ ಮುಳುಗಿದ್ದರಿಂದ ಗೊಂಬೆ ಮಾಡಿದ್ದೇ ಕಡಿಮೆ. ಆ ಕಡಿಮೆಯನ್ನೂ ಮಕ್ಕಳು ಬಿಚ್ಚಿ, ಆಡಿ, ಮುರಿದು ಹಾಕಿದರು. ಸಣ್ಣವನಿದ್ದಾಗ ಅಂಗಡಿಯ ಗಾಜಿನ ಹಿಂದೆ ಇದನ್ನು ಕಂಡು ಅತ್ತು, ಅಪ್ಪನ ಕೈಯಲ್ಲಿ ಪೆಟ್ಟು ತಿಂದಿದ್ದನಂತೆ. ಅಂದು ಕಂಡ ಹಾಗೆಯೇ, ಯಾರ ಕೈಯೂ ತಾಗದೆ, ಒಂದಾದರೂ ಬೇಕು ಎಂಬ ಆಸೆ.

"ಬಿಚ್ಚಿದ್ದ್ ನನ್ನತ್ರ ಮೂರಿತ್ತ್. ಬಿಚ್ದೇ ಇದ್ದದ್ದ್ ಅಂದೇಳಿಯೇ ನಾ ಬಂದದ್ದ್," ಎಂದ.

ಅವನು ಎದ್ದು ಹೋಗುವುದಕ್ಕೂ ಸುಗುಣ ಅಂಗಳಕ್ಕೆ ಕಾಲಿಡುವುದಕ್ಕೂ ಸರಿಹೋಯಿತು. ಐಸು ಕರಗಿತ್ತು. ವೀರ ನೀರಿನಲ್ಲಿ ಮುಖ ಕೆಳಗಾಗಿ ತೇಲುತ್ತಿದ್ದ.

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಗೊಂಬೆಯನ್ನು ಎತ್ತಿ ಸೆರಗಿನಲ್ಲಿ ಒರೆಸಿದಳು. ಇಲಿಯ ಸುಳ್ಳು ನನಗೆ ನೆನಪಿಗೇ ಬರಲಿಲ್ಲ. ನಾನೇ ಬಿಚ್ಚಿದ್ದು ಎಂದೆ. ಅಂದು ಜ್ವರ ಇರಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅದು ತನಗೆ ಅಂದೇ ಗೊತ್ತಿತ್ತು ಎಂದಳು, ಹಣೆ ಮುಟ್ಟಿ ನೋಡಿದವಳು ತಾನೇ ಅಲ್ಲವೇ ಎಂದಳು.

ಆಮೇಲೆ ಹೇಳಿದಳು: "ಹಾಂಗಾರೆ ಇನ್ನ್ ಅವ ಬತ್ತಿಲ್ಲ. ಭಟ್ರಿಗೆ ಹೇಳಿ ಬನ್ನಿ."

ಹದಿನಾಲ್ಕು ವರ್ಷದ ನಂತರ ಹೊಳೆಯ ದಡದಲ್ಲಿ ಯತೀಶನ ಕ್ರಿಯೆ ನಡೆಯಿತು. ಹೆಣ ಇಲ್ಲದ್ದಕ್ಕೆ ಭಟ್ಟರು ದರ್ಭೆಯಲ್ಲಿ ಆಳಿನ ಗೊಂಬೆ ಕಟ್ಟಿ ಬಾಳೆ ಎಲೆಯ ಮೇಲೆ ಮಲಗಿಸಿದರು. ಅದಕ್ಕೆ ಒಂದು ಇರುವೆ ಹತ್ತಿತ್ತು. ಕೊಡವಿ ತೆಗೆಯೋಣವೆಂದು ನಾನು ಬಗ್ಗಿದೆ.

"ಹ್ವಾಯ್," ಎಂದಳು ಸುಗುಣ, "ಇದನ್ನಾರೂ ತೊಳುಕ್ ಹೋಯ್ಬೇಡಿ."

ಭಟ್ಟರು ಮಂತ್ರ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.