ಹವಳಕ್ಕೆ ಪೀಠ ಹುಡುಕಿದ ಮಾವ

ರಾಯದುರ್ಗದಲ್ಲಿ ಸಮುದ್ರವಿದೆ, ಅದು ನಮ್ಮ ಸೋದರಮಾವನ ಮನೆಯ ಪಡಸಾಲೆಯಲ್ಲಿದೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆದರೆ ಅವರೆದುರಿಗೆ ಮಾತ್ರ ನಗಬೇಡಿ. ನೀವು ಯಾಕೆ ನಕ್ಕಿರಿ ಎನ್ನುವುದು ಅವರಿಗೆ ಬೇಕಿಲ್ಲ. ತೆರೆದ ಬಾಯೊಳಗೆ ಬಗ್ಗಿ ನೋಡಿ, "ಮ್ಯಾಲಿನ ದವಡಿ ಹಲ್ಲು ಹೋಗೇತಲ್ರಿ, ಯಾವಾಗ ಕಟ್ಟಿಸ್ಕೊಂತೀರಿ?" ಎಂದು ಕೇಳಿಬಿಡುತ್ತಾರೆ!

ಅವರ ವೃತ್ತಿಯೇ ಅದು. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಮಾವ ಆ ಅಳತೆಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಾರೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಜನರನ್ನು ಅವರು ಗುರುತಿಸುವುದು ಹೆಸರಿನಿಂದಲ್ಲ, ಒಸಡಿನಿಂದ. ನನ್ನನ್ನು ನೋಡಲು ವರ ಬಂದಾಗ ಮನೆಯವರೆಲ್ಲ ಎತ್ತರ, ಬಣ್ಣ, ನೌಕರಿ ಎಂದು ತೂಗುತ್ತ ಕೂತಿದ್ದರೆ ಮಾವ ಹೇಳಿದ್ದು ಒಂದೇ ಮಾತು: "ಮ್ಯಾಲಿನ ಹಲ್ಲಿಗೆ ಕೆಳಗಿನ ಹಲ್ಲು ಸರಿಯಾಗಿ ಕೂಡ್ತಾವ. ಕೊಡ್ರಿ." ಕೊಟ್ಟರು.

ಅಂಥ ಮನುಷ್ಯನಿಗೆ ಹವಳದ ಹುಚ್ಚು ಹಿಡಿದದ್ದು ಬಳ್ಳಾರಿಯಲ್ಲಿ. ಹಲ್ಲಿನ ಸಾಮಾನು ತರಲು ಹೋದವರು ಒಂದು ಮೀನಿನ ಅಂಗಡಿಯ ಮುಂದೆ ನಿಂತುಬಿಟ್ಟರಂತೆ. ಗಾಜಿನ ತೊಟ್ಟಿಯೊಳಗೆ, ಕಲ್ಲಿನ ಮೇಲೆ, ಹಸಿರು ಅಣಬೆಯಂಥದ್ದೇನೋ ಉಸಿರಾಡುತ್ತಿತ್ತು. ಕಲ್ಲೋ, ಗಿಡವೋ, ಪ್ರಾಣಿಯೋ ಎಂದು ಕೇಳಿದರೆ ಅಂಗಡಿಯವನು, "ಪ್ರಾಣೀನ ರೀ, ಅಣಬೆ ಹವಳ ಅಂತಾರ. ಅದಕ್ಕ ಬಾಯಿ ಐತಿ" ಎಂದನಂತೆ. ಬಾಯಿ ಇದೆ ಎಂದಮೇಲೆ ಮಾವ ಬಿಟ್ಟಾರೆಯೇ? ಆ ಅಣಬೆ ಹವಳ, ಜೊತೆಗೆ ಇನ್ನೆರಡು ಬಗೆಯ ಹವಳ, ತೊಟ್ಟಿ, ದೀಪ, ನೀರು ತಿರುಗಿಸುವ ಪಂಪು, ಉಪ್ಪಿನ ಪೊಟ್ಟಣ, ಎಲ್ಲ ಹೊತ್ತುಕೊಂಡು ಬಂದರು.

ಅತ್ತೆ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟು ಹೊಲಿಯುವವರು. ನಮ್ಮೂರಲ್ಲಿ ಎರಡು ಮನೆಗೊಂದರಲ್ಲಿ ಅದೇ ಸದ್ದು. ಮಾವ ಕೊಡದಲ್ಲಿ ಉಪ್ಪು ಕಲಸುವುದನ್ನು ಮಿಷನ್ ನಿಲ್ಲಿಸಿ ನೋಡಿದರು. "ನಳದಾಗ ಸಿಹಿನೀರು ಬರೋದ ಕಷ್ಟ. ಬಂದದ್ದಕ್ಕೂ ಉಪ್ಪು ಹಾಕಿ ಕೆಡಸಾಕ ಹತ್ತೀರಿ. ನಿಮ್ಮ ತಲೀಗೆ ಯಾವ ಸೆಟ್ಟು ಕಟ್ಟಬೇಕ್ರೀ?" ಎಂದವರು ಮತ್ತೆ ಮಿಷನ್ ತುಳಿದರು.

ಹವಳ ಬೆಳೆಯಿತು. ಕಷ್ಟ ಶುರುವಾದದ್ದು ಅಲ್ಲಿಂದ. ಬೆಳೆದದ್ದನ್ನು ಕತ್ತರಿಸಿ ತುಂಡು ಮಾಡಿ ಕೊಟ್ಟರೆ ಬಳ್ಳಾರಿಯ ಅಂಗಡಿಯವನು ಅದರ ಬದಲಿಗೆ ಉಪ್ಪಿನ ಪೊಟ್ಟಣ ಕೊಡುತ್ತಿದ್ದ. ಆದರೆ ಕತ್ತರಿಸಿದ ಒಂದೊಂದು ತುಂಡಿಗೂ ಒಂದು ಪುಟ್ಟ ಪೀಠ ಬೇಕು. ಪೀಠವಿಲ್ಲದಿದ್ದರೆ ಅದು ನೀರಿನಲ್ಲಿ ಉರುಳಾಡಿ, ಕಲ್ಲಿನ ಸಂದಿಗೆ ಬಿದ್ದು ಕೊಳೆಯುತ್ತದೆ. ಅದಕ್ಕೆಂದೇ ಪಿಂಗಾಣಿಯ ಪ್ಲಗ್ಗುಗಳು ಕೊರಿಯರಿನಲ್ಲಿ ಬರುತ್ತವೆ. ಅವುಗಳ ಬೆಲೆ ನೋಡಿ ಮಾವ ಮೊಬೈಲನ್ನು ಬೋರಲಾಗಿ ಇಟ್ಟರು. "ಹುಣಸೀಬೀಜದಷ್ಟು ಮಣ್ಣಿಗೆ ಇಷ್ಟು ರೊಕ್ಕ? ಹವಳಕ್ಕಿಂತ ಅದರ ಮಣೆ ಹೆಚ್ಚಾತು!"

ಮೊದಲು ಕಣ್ಣಿಗೆ ಬಿದ್ದದ್ದು ಅತ್ತೆಯ ಜೀನ್ಸ್ ಗುಂಡಿ. ದುಂಡಗೆ, ಗಟ್ಟಿಯಾಗಿ, ಹೇಳಿ ಮಾಡಿಸಿದಂತಿತ್ತು. ಅಂಟು ಹಚ್ಚಿ ಹವಳ ಕೂರಿಸಿದರು. ಎರಡು ದಿನದಲ್ಲಿ ತುಂಡು ಮುದುಡಿ ಒಣದ್ರಾಕ್ಷಿಯಾಯಿತು. ಗುಂಡಿಯಲ್ಲಿದ್ದ ತಾಮ್ರ ಹವಳಕ್ಕೆ ವಿಷವಂತೆ. ಮಾವ ತೊಟ್ಟಿಯ ನೀರನ್ನೆಲ್ಲ ಬದಲಿಸಿ, ಊಟ ಬಿಟ್ಟು ಕೂತರು. ಅತ್ತೆಯೂ ಊಟ ಬಿಟ್ಟಿದ್ದರು. ಗುಂಡಿ ಕಮ್ಮಿಯಾಯಿತೆಂದು ಕಂಪನಿಯವರು ಒಂದು ಕಟ್ಟು ಪ್ಯಾಂಟನ್ನೇ ವಾಪಸು ಕಳಿಸಿದ್ದರು!

ಆಮೇಲೆ ಭೈರವಾನಿತಿಪ್ಪದ ಅಣೆಕಟ್ಟೆಗೆ ಹೋಗಿ ಹಗರಿ ಹೊಳೆಯ ನುಣುಪುಗಲ್ಲು ಆರಿಸಿ ತಂದೆವು. ಚೀಲ ಹೊತ್ತವಳು ನಾನು. ಆ ಕಲ್ಲಿನಲ್ಲಿ ಏನಿತ್ತೋ, ತೊಟ್ಟಿಯ ತುಂಬ ಪಾಚಿ ಎದ್ದಿತು. ಹವಳ ಕಾಣದಾಯಿತು, ಪಾಚಿ ಮಾತ್ರ ಸೊಂಪಾಗಿ ಬೆಳೆಯಿತು. ಎದುರುಮನೆಯವರು ಬಂದು, "ಕೊತ್ತಂಬರಿ ಚಲೋ ಬಂದೈತ್ರಿ" ಎಂದು ಹೊಗಳಿ ಹೋದರು.

ಮೂರನೆಯದು ತಮ್ಮದೇ ಕಸುಬಿನ ಪ್ಲಾಸ್ಟರ್ ಪುಡಿ. ಹಲ್ಲಿನ ಅಚ್ಚು ತೆಗೆಯುವ ಆ ಬಿಳಿ ಪುಡಿಯನ್ನು ಕಲಸಿ, ಬಿಲ್ಲೆ ಹಾಕಿ, ಒಣಗಿಸಿ ನೀರಿಗಿಟ್ಟರು. ಅದು ಮೆಲ್ಲಗೆ ಕರಗುತ್ತ ಹೋಯಿತು. ವಾರ ಕಳೆಯುವಷ್ಟರಲ್ಲಿ ಸಮುದ್ರ ಬೆಳ್ಳಗಾಯಿತು. ಅತ್ತೆ ಬಗ್ಗಿ ನೋಡಿ, "ಮಜ್ಜಿಗಿ ತಯಾರಾತು. ಒಗ್ಗರಣಿ ಹಾಕ್ಲೇನ್ರಿ?" ಎಂದರು. ಮಾವ ನಗಲಿಲ್ಲ. ಅವರು ಎಂದೂ ನಗುವವರಲ್ಲ. ಬೇರೆಯವರ ನಗುವನ್ನು ರಿಪೇರಿ ಮಾಡುವವರಿಗೆ ಬಿಡುವೆಲ್ಲಿ?

ಕೊನೆಗೆ ಉಳಿದದ್ದು ಒಸಡಿನ ಗುಲಾಬಿ ಅರಗು. ಹಲ್ಲಿನ ಸೆಟ್ಟಿಗೆ ಒಸಡು ಮಾಡುವ ಪ್ಲಾಸ್ಟಿಕ್ಕಿನಂಥ ವಸ್ತು ಅದು. ಬೇಯಿಸಿ ಗಟ್ಟಿ ಮಾಡಿದರೆ ಮನುಷ್ಯರ ಬಾಯಲ್ಲಿ ವರ್ಷಗಟ್ಟಲೆ ಇದ್ದರೂ ಏನೂ ಆಗುವುದಿಲ್ಲ. "ಮನಷ್ಯಾರ ಬಾಯಿಗಿ ಆಗೋದು ಹವಳದ ಬಾಯಿಗಿ ಆಗಂಗಿಲ್ಲೇನು?" ಎಂದು ಮಾವ ಉಳಿಕೆ ಚೂರುಗಳಿಂದ ಪುಟ್ಟ ಪೀಠ ಮಾಡಿದರು. ಬಿಸಿನೀರಿನಲ್ಲಿ, ಆಮೇಲೆ ಉಪ್ಪುನೀರಿನಲ್ಲಿ ನೆನೆಹಾಕಿ ತೊಟ್ಟಿಗೆ ಇಳಿಸಿದರು. ಹವಳ ಹಿಡಿದುಕೊಂಡಿತು! ಕವಲೊಡೆಯುವ ಹವಳ, ಗುಂಡಿಯಂಥ ಹವಳ, ಎಲ್ಲವೂ ಗುಲಾಬಿ ಒಸಡಿನ ಮೇಲೆ ನೆಟ್ಟಗೆ ನಿಂತವು. ಸೆಟ್ಟು ತಡವಾಯಿತೆಂದು ಕೇಳಲು ಬಂದ ಮುದುಕರೊಬ್ಬರು ಅದನ್ನು ನೋಡಿ, "ನನ್ನ ಬಾಯಿ ಬರಿದು ಇಟ್ಟು ಮೀನಿಗಿ ಒಸಡು ಕಟ್ಟಾಕ ಹತ್ತೀರೇನ್ರಿ?" ಎಂದು ಬೊಚ್ಚುಬಾಯಲ್ಲೇ ಬೈದು ಹೋದರು.

ಆದರೆ ಮಾವನ ಮೊದಲ ಪ್ರೀತಿ ಅಣಬೆ ಹವಳ ಮಾತ್ರ ನಿಲ್ಲಲಿಲ್ಲ. ಅದರ ಮೈಯೆಲ್ಲ ಲೋಳೆ, ಅಂಟು ಹಿಡಿಯುವುದಿಲ್ಲ. ಅದಾಗಿಯೇ ಕಚ್ಚಿಕೊಳ್ಳುವವರೆಗೆ ಅದನ್ನು ಅಲ್ಲಾಡದಂತೆ ಒಂದು ತಗ್ಗಿನಲ್ಲಿ ಇಡಬೇಕು. ಬಟ್ಟಲಿನಂತಿರಬೇಕು, ಸುತ್ತ ಬೇಲಿಯಿರಬೇಕು, ಬೇಲಿಯ ಸಂದಿಯಲ್ಲಿ ನೀರು ಆಡಬೇಕು. ತುಂಡುಗಳು ಒಂದೊಂದೇ ಜಾರಿ ಹೋಗಿ ಸಾಯುತ್ತಿದ್ದವು.

ಮಾವನ ಕಾರ್ಖಾನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಿದೆ. ಅದರಲ್ಲಿರುವುದು ಯಾರೂ ಒಯ್ಯದ ಸೆಟ್ಟುಗಳು. ಅಳತೆ ಕೊಟ್ಟವರು ಸೆಟ್ಟು ತಯಾರಾಗುವಷ್ಟರಲ್ಲಿ ಹೋಗಿಬಿಟ್ಟಿರುತ್ತಾರೆ. ಮನೆಯವರಿಗೆ ಅದು ನೆನಪಾಗುವುದಿಲ್ಲ, ನೆನಪಾದರೂ ಬೇಡ. ಒಂದು ದಿನ ಮಾವ ಅದರಿಂದ ಒಂದು ಮೇಲ್ಸೆಟ್ಟನ್ನು ತೆಗೆದು ಅಂಗಾತ ಇಟ್ಟರು. ಹಲ್ಲುಗಳು ಮೇಲಕ್ಕೆ, ಅಂಗುಳ ಬಟ್ಟಲಿನಂತೆ. ನೋಡುತ್ತಲೇ ಕೂತರು.

ನನಗೆ ಅರ್ಥವಾಯಿತು. "ಮಾವಾ, ಬ್ಯಾಡ. ಇದು ಸತ್ತವರದು" ಎಂದೆ.

"ಅವರು ಇದನ್ನ ಒಮ್ಮಿಯೂ ಹಾಕ್ಕೊಳ್ಳಲಿಲ್ಲವಾ. ಹಾಕ್ಕೊಂಡು ಉಣ್ಣಲಿ ಅಂತ ಮಾಡಿದ್ದು. ಡಬ್ಯಾಗ ಇದ್ರ ಯಾರು ಉಣ್ತಾರ?"

ನಾನು ಡಬ್ಬಿಯ ಮುಚ್ಚಳ ಹಾಕಿದೆ.

ಅಣಬೆ ಹವಳ ಆ ಅಂಗುಳದಲ್ಲಿ ಕೂತಿತು. ಮೇಲೆ ಸೊಳ್ಳೆಪರದೆಯ ತುಂಡು ಕಟ್ಟಿದ್ದರು. ಬಿಚ್ಚುವ ಹೊತ್ತಿಗೆ ಅದು ಕಚ್ಚಿಕೊಂಡಿತ್ತು. ಆಮೇಲೆ ದಿನದಿನಕ್ಕೆ ಅಗಲವಾಗಿ, ಹಸಿರು ನಾಲಿಗೆಯ ಹಾಗೆ ಹಲ್ಲಿನ ಸಾಲಿನ ನಡುವೆ ಹರಡಿತು. ಮಡಕಶಿರದಿಂದ ನಮ್ಮ ದೊಡ್ಡಪ್ಪ ಮಗಳ ಮದುವೆಗೆ ಕರೆಯಲು ಬಂದರು. ಕುಂಕುಮ ಕೊಟ್ಟು, ಲಗ್ನಪತ್ರಿಕೆ ಮುಂದೆ ಚಾಚಿದವರು ತೊಟ್ಟಿಯ ಕಡೆ ತಿರುಗಿದರು. "ಅದೇನವ್ವಾ ಅದು, ನೀರ್ನಾಗೆ ಬಾಯಿ ತಕ್ಕಂಡು ಕುಂತೈತೆ!" ಎಂದು ಎದ್ದವರು ಪತ್ರಿಕೆಯನ್ನು ಕೈಯಲ್ಲೇ ಹಿಡಿದುಕೊಂಡು ಬಸ್ಸು ಹತ್ತಿದರು. ಮುಹೂರ್ತ ಯಾವತ್ತೆಂದು ನಾವು ಆಮೇಲೆ ಫೋನು ಮಾಡಿ ಕೇಳಬೇಕಾಯಿತು.

ಅತ್ತೆಗೆ ಮಾತ್ರ ನಗು ಬರಲಿಲ್ಲ. "ಯಾರದೋ ಏನೋ. ಅವ್ರ ಮನಿಯವ್ರು ಕೇಳ್ಕೊಂಡು ಬಂದ್ರ ಏನು ಹೇಳ್ತೀರಿ?" ಎಂದು ಕೇಳಿದ್ದರು.

ಕೇಳಿಕೊಂಡು ಬಂದರು. ಗುಮ್ಮಗಟ್ಟದ ಕಡೆಯ ಹಳ್ಳಿಯ ಹೆಂಗಸು. ನಡುವಯಸ್ಸು, ಹೊಲದ ಕೆಲಸ ಮಾಡಿ ಒರಟಾದ ಕೈ. ಸಂತೆಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿಯೇ ಕೂತಳು. ನಾನೂ ಅಲ್ಲಿದ್ದೆ.

"ನಮ್ಮವ್ವಂದು ಹಲ್ಲಿನ ಸೆಟ್ಟಿಗೆ ಅಳತಿ ಕೊಟ್ಟಿದ್ವಿರಿ. ಡಾಕ್ಟ್ರು ನಿಮ್ಮತ್ರಾನೆ ಐತಿ ಅಂದ್ರು. ಅವ್ವ ಹೋಗಿ ವರ್ಷಾತು. ಮೊನ್ನೆ ವರ್ಷದ ಕಾರ್ಯ ಮುಗೀತು. ಒಮ್ಮೆ ನೋಡಿ ಹೋಗಾಣ ಅಂತ ಬಂದೀನ್ರಿ."

ಮಾವ ಹೆಸರು ಕೇಳಿದರು. ಅವಳು ಹೇಳಿದಳು. ಮಿಷನ್ನಿನ ಸದ್ದು ನಿಂತಿತು. ಮಾವನ ಮುಖ ನೋಡಿದಾಗಲೇ ನಮಗೆ ತಿಳಿಯಿತು, ಅದು ಅದೇ ಸೆಟ್ಟು.

ಅಚ್ಚು ಅವರ ಬಳಿ ಇತ್ತು. "ಮುಂದಿನ ವಾರ ಬರ್ರಿ" ಎಂದು ಕಳಿಸಿ, ಅಂಥದ್ದೇ ಇನ್ನೊಂದು ಮಾಡಿಕೊಡಬಹುದಿತ್ತು. ಅತ್ತೆ ಬಾಗಿಲ ಮರೆಯಿಂದ ಕಣ್ಣಲ್ಲೇ ಅದನ್ನು ಹೇಳುತ್ತಿದ್ದರು. ಮಾವ ಎದ್ದು ನಿಂತರು.

"ತಪ್ಪು ತಿಳೀಬ್ಯಾಡವಾ. ಒಳಗ ಬಾ, ತೋರಸ್ತೀನಿ."

ತೊಟ್ಟಿಯ ಮುಂದೆ ಅವಳನ್ನು ನಿಲ್ಲಿಸಿ, ಆ ಅಂಗುಳವನ್ನು ಬೆರಳಿನಿಂದ ತೋರಿಸಿದರು. ಅವಳು ಚೀಲ ಕೆಳಗಿಟ್ಟು, ಮಂಡಿಯೂರಿ, ಗಾಜಿಗೆ ಮುಖ ಹತ್ತಿರ ತಂದಳು. ನನಗೆ ಓಡಿಹೋಗಬೇಕೆನ್ನಿಸಿತು. ನನಗೇ ಹಾಗಾದರೆ ಮಾವನಿಗೆ ಹೇಗಾಗಿರಬೇಕು? ಅವರು ಕೈಕಟ್ಟಿ ನಿಂತಿದ್ದರು.

"ಇದಕ್ಕ ಜೀವ ಐತೇನ್ರಿ?"

"ಐತವಾ."

"ಉಣ್ತೈತೇನ್ರಿ?"

"ಉಣ್ತೈತಿ."

"ಅವ್ವ ಕಡೀಕ ಗಂಜಿನೂ ನುಂಗಲಿಲ್ರಿ," ಎಂದಳು. ಗಾಜಿಗೇ ಹೇಳುತ್ತಿದ್ದಳು. "ಬಾಯಿಗಿ ಹಾಕಿದ್ದೆಲ್ಲ ಹೊರಗ ಬರತಿತ್ತು. ಸೆಟ್ಟು ಬಂದ ಮ್ಯಾಲ ರೊಟ್ಟಿ ತಿಂತೀನಿ ತಡಿಯೇ ಅಂತಿದ್ಲು."

ಮಾವ, "ತೆಗೆದು ತೊಳದು ಕೊಡ್ತೀನವಾ. ನಿಮ್ಮ ಅವ್ವಂದು, ನೀ ಒಯ್ಯಿ" ಎಂದರು. ಅವಳು ಬೇಡವೆಂದು ತಲೆಯಾಡಿಸಿದಳು.

ಆಗ ಅತ್ತೆ ಬಂದರು. ಆ ತೊಟ್ಟಿಯನ್ನು ಒಮ್ಮೆಯೂ ಮುಟ್ಟದವರು ಹವಳದ ಆಹಾರದ ಬಟ್ಟಲನ್ನೂ, ಸೂಜಿ ತೆಗೆದ ಸಿರಿಂಜನ್ನೂ ತಂದು ಅವಳ ಕೈಗಿಟ್ಟರು. ಹೇಗೆ ಎಂದು ಮಾವ ತೋರಿಸಿದರು. ಅವಳು ತೋಳನ್ನು ನೀರಿಗಿಳಿಸಿ, ಹಲ್ಲುಗಳ ನಡುವೆ ಎರಡು ಹನಿಯಷ್ಟು ಆಹಾರವನ್ನು ಮೆಲ್ಲಗೆ ಬಿಟ್ಟಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಸಿರು ಅಂಚುಗಳು ಎದ್ದವು, ಒಳಕ್ಕೆ ಮಡಿಚಿಕೊಂಡವು, ಕೊಟ್ಟದ್ದನ್ನು ಸುತ್ತಿ ಹಿಡಿದು ಮುಚ್ಚಿಕೊಂಡವು.

ಅವಳ ತೋಳು ನೀರಿನಲ್ಲೇ ಇತ್ತು. ಮಾವ, "ಇನ್ನೊಂಚೂರು ಹಾಕ್ತೀಯೇನವಾ?" ಎಂದು ಕೇಳಿದರು.

"ತಡೀರಿ," ಎಂದಳು ಅವಳು. "ನಿಧಾನಕ್ಕ ನುಂಗ್ಲಿ. ಅವಸರ ಮಾಡಬಾರದ್ರಿ."