‘ವೈರಸ್ ಇಲ್ಲ’ ಎಂಬ ಸೀಲು

ನಾನು ಕೂತ ಕಡೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ನೋಡಿದವರು ‘ಇದು ನಿನ್ನದೇ ಕೆಲಸ’ ಅನ್ನುತ್ತಾರೆ, ತಾನಾಗೇ ಆಯ್ತು ಅಂತ ನಾನು ಅನ್ನುತ್ತೇನೆ. ಕೆಳಗೆ ಬರೆದಿದ್ದರಲ್ಲಿ ಮುಕ್ಕಾಲು ಭಾಗ ನಂಬಿದರೂ ನನಗೆ ತೃಪ್ತಿ. ಯಾವ ಮುಕ್ಕಾಲು ಅನ್ನೋದನ್ನ ನೀವೇ ಆರಿಸಿಕೊಳ್ಳಿ.

ತೊಂಬತ್ತರ ದಶಕದ ಕೊನೆ. ದೊಡ್ಡಬಳ್ಳಾಪುರದಲ್ಲಿ ಒಬ್ಬ ಯಜಮಾನರ ಪವರ್‌ಲೂಮ್ ಶೆಡ್ಡಿನಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದೆ. ಸಿಂಗಾಪುರದ ಒಬ್ಬ ವ್ಯಾಪಾರಿ ನಮ್ಮ ಸೀರೆಯ ಸ್ಯಾಂಪಲ್ ತರಿಸಿಕೊಂಡಿದ್ದ. ಆರ್ಡರ್ ಬಂದೇ ಬರುತ್ತೆ ಅನ್ನೋ ಧೈರ್ಯದ ಮೇಲೆ ಯಜಮಾನರು ಹೊಸ ಮಗ್ಗಗಳನ್ನೇ ಹಾಕಿಸಿಬಿಟ್ಟಿದ್ದರು. ಆರ್ಡರ್ ಬರಲಿಲ್ಲ. ಮಗ್ಗಗಳು ಹಳೇ ಬೆಡ್‌ಶೀಟ್ ಹೊದ್ದುಕೊಂಡು ಮಲಗಿದ್ದವು. ದಿನಾ ಬೆಳಿಗ್ಗೆ ಯಜಮಾನರು ಆ ಬೆಡ್‌ಶೀಟುಗಳನ್ನು ನೋಡಿ ಒಂದು ನಿಟ್ಟುಸಿರು ಬಿಟ್ಟು, ಸೀದಾ ನನ್ನ ಟೇಬಲ್ಲಿಗೆ ಬಂದು ಕೇಳೋರು: “ಮೇಲ್ ಬಂತೇನಪ್ಪಾ?”

ಆ ವ್ಯಾಪಾರಿಯ ವ್ಯವಹಾರವೆಲ್ಲ ಈ-ಮೇಲಿನಲ್ಲೇ. ಅವನೊಬ್ಬನಿಗೋಸ್ಕರ ನಮ್ಮ ಶೆಡ್ಡಿಗೆ ಕಂಪ್ಯೂಟರ್ ಬಂದಿತ್ತು.

ಮಡಿಕೆಯಣ್ಣನ ತಮ್ಮ

ಕಂಪ್ಯೂಟರ್ ಜೊತೆಗೆ ಆ್ಯಂಟಿವೈರಸ್ಸೂ ಹಾಕಿಸಿಕೊಳ್ಳಿ ಅಂತ ಬೆಂಗಳೂರಿನ ಡೀಲರ್ ಗಂಟುಬಿದ್ದ.

“ಅದೇನು ಮಾಡುತ್ತೆ?” ಅಂದರು ಯಜಮಾನರು.

“ಬಂದ ಮೇಲನ್ನೆಲ್ಲ ಪರೀಕ್ಷೆ ಮಾಡಿ, ಸರಿ ಇದ್ರೆ ಕೆಳಗೆ ‘ಪರೀಕ್ಷಿಸಲಾಗಿದೆ, ವೈರಸ್ ಇಲ್ಲ’ ಅಂತ ಇಂಗ್ಲಿಷಲ್ಲಿ ಒಂದು ಸಾಲು ಹಾಕುತ್ತೆ ಸಾರ್.”

ಯಜಮಾನರ ಮುಖ ಅರಳಿತು. “ಅಂದ್ರೆ ನಮ್ಮ ಮಡಿಕೆಯಣ್ಣನ ಥರ!”

ಮಡಿಕೆಯಣ್ಣ ಅಂದರೆ ನಮ್ಮ ಶೆಡ್ಡಿನಲ್ಲಿ ಸೀರೆ ಮಡಿಸುತ್ತಿದ್ದ ಹಿರಿಯ. ಮಗ್ಗದಿಂದ ಇಳಿದ ಪ್ರತಿ ಸೀರೆಯನ್ನೂ ಬಾಗಿಲ ಬೆಳಕಿಗೆ ಹಿಡಿದು, ಎಳೆ ತಪ್ಪಿದೆಯಾ, ಕಲೆ ಇದೆಯಾ ಅಂತ ತಿರುಗಿಸಿ ಮುರುಗಿಸಿ ನೋಡಿ, ಮಡಿಸಿ, ಸೆರಗಿನ ಅಂಚಿಗೆ ‘ಪಾಸ್’ ಅಂತ ಸೀಲು ಒತ್ತುತ್ತಿದ್ದ. ಆ ಸೀಲು ಬಿತ್ತು ಅಂದರೆ ಮುಗೀತು. ಊರಿನ ಯಾವ ಅಂಗಡಿಯವನೂ ಸೀರೆ ಬಿಚ್ಚಿ ನೋಡುತ್ತಿರಲಿಲ್ಲ.

ಮೊದಲ ವಾರವೇ ಸೀಲು ಬಿದ್ದ ಒಂದು ಮೇಲ್ ಬಂತು. ‘ಈ ಶುಭ ಸಂದೇಶವನ್ನು ಹತ್ತು ಸಲ ಮುಂದೆ ಕಳಿಸಿ, ನಿಂತ ಕೆಲಸ ಕೈಗೂಡುತ್ತದೆ, ಕಳಿಸದಿದ್ದರೆ ನಷ್ಟ.’ ಕಳಿಸಿದವನು ಆ ಡೀಲರೇ.

“ಇದೆಲ್ಲ ಬೊಗಳೆ ಯಜಮಾನ್ರೇ,” ಅಂದೆ.

“ಸೀಲು ಇದೆಯೋ ಇಲ್ವೋ?”

“ಇದೆ.”

“ಹಂಗಾದ್ರೆ ಕಳಿಸು.”

ನಮಗೆ ಗೊತ್ತಿದ್ದದ್ದು ಎರಡೇ ವಿಳಾಸ. ಒಂದು ಡೀಲರದು, ಅವನಿಗೇ ವಾಪಸ್ ಕಳಿಸಿದರೆ ಚೆನ್ನಾಗಿರೋಲ್ಲ. ಉಳಿದದ್ದು ಸಿಂಗಾಪುರ. ನಮ್ಮ ನಿಂತ ಕೆಲಸ ಇದ್ದದ್ದೂ ಅವನ ಕೈಯಲ್ಲೇ ತಾನೆ? ಆ ಪುಣ್ಯಾತ್ಮನಿಗೆ ಒಂದೇ ಮಧ್ಯಾಹ್ನ ಹತ್ತು ಸಲ ಶುಭ ಕೋರಿದೆವು.

ತೊಂಬತ್ತೊಂಬತ್ತಕ್ಕೆ ಔಟ್

ಮೇಲ್ ಒಂದನ್ನೇ ಅಲ್ಲ, ಆಗಾಗ ಇಡೀ ಕಂಪ್ಯೂಟರನ್ನೂ ಜಾಲಾಡಿಸಬೇಕು ಅಂತ ಡೀಲರ್ ಹೇಳಿ ಹೋಗಿದ್ದ. ಜಾಲಾಟ ಮುಗಿಯೋ ತನಕ ಯಾವ ಮೇಲನ್ನೂ ತೆಗೆಯಕೂಡದು ಅಂತ ಯಜಮಾನರು ತಮ್ಮದೊಂದು ಕಾನೂನು ಸೇರಿಸಿದರು.

ಆ ಜಾಲಾಟವೋ, ಎತ್ತಿನಗಾಡಿಯಲ್ಲಿ ಶಿವಗಂಗೆಗೆ ಹೊರಟ ಹಾಗೆ. ಶೇಕಡಾ ಐದು, ಆರು, ಏಳು... ಅಷ್ಟರಲ್ಲಿ ಕರೆಂಟು ಹೋಗೋದು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಗಪ್‌ಚಿಪ್. ಕರೆಂಟು ಬಂದ ಮೇಲೆ ಮಗ್ಗಗಳು ನಿಂತ ಎಳೆಯಿಂದಲೇ ನೇಯೋಕೆ ಶುರುಮಾಡುತ್ತಿದ್ದವು. ಕಂಪ್ಯೂಟರ್ ಮಾತ್ರ ಮತ್ತೆ ಸೊನ್ನೆಯಿಂದ.

“ಇಷ್ಟು ದುಡ್ಡು ಕೊಟ್ಟು ತಂದಿದ್ದಕ್ಕೆ ಎಲ್ಲಿ ಬಿಟ್ಟೆ ಅಂತ ನೆನಪಿರಲ್ವಾ?” ಅಂತ ಮಡಿಕೆಯಣ್ಣನಿಗೆ ಬಲು ಬೇಜಾರು.

ಬೀದಿಯವರಿಗೆ ಅದೊಂದು ಮ್ಯಾಚ್ ಆಗಿಹೋಯಿತು. ಹೋಗೋರು ಬರೋರೆಲ್ಲ ಕಿಟಕಿಯಲ್ಲಿ ಮುಖ ಇಟ್ಟು, “ಗುರು, ಎಷ್ಟಾಯ್ತು?” ಅಂತ ಕೇಳೋರು. ಜನರಿಗೆ ನಿರಾಸೆ ಮಾಡೋದು ನನ್ನ ಜಾಯಮಾನ ಅಲ್ಲ. ಇಪ್ಪತ್ತಿದ್ದರೆ ನಲವತ್ತು ಅಂತಿದ್ದೆ.

ಒಂದು ದಿನ ಮಾತ್ರ ಕರೆಂಟು ಮನಸ್ಸು ಮಾಡಿತು. ಎಂಬತ್ತು ದಾಟಿತು, ತೊಂಬತ್ತು ದಾಟಿತು. ಕಿಟಕಿಯಲ್ಲಿ ತಲೆಗಳ ಮೇಲೆ ತಲೆ. ಯಜಮಾನರ ಹೆಂಡತಿ, ನಾವೆಲ್ಲ ಅಮ್ಮಾವ್ರು ಅಂತಿದ್ದೆವು, ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿಬಂದರು. ತೊಂಬತ್ತೊಂಬತ್ತು! ಯಜಮಾನರು ಉಸಿರು ಬಿಗಿಹಿಡಿದು, “ಇನ್ನೊಂದೇ ಕಣಪ್ಪಾ, ತಡಿ, ಯಾರೂ ಏನೂ ಮುಟ್ಬೇಡಿ, ಫ್ಯಾನೊಂದು ಆರಿಸಿಬಿಡು, ಕಂಪ್ಯೂಟರಿಗೆ ಕರೆಂಟು ಸಾಲ್ದೆ ಹೋದೀತು,” ಅಂದರು.

ನಾನು ಫ್ಯಾನಿನ ಸ್ವಿಚ್ಚು ಅಂತಲೇ ಒತ್ತಿದ್ದು. ಪಕ್ಕದ್ದು ಒತ್ತಿಹೋಯ್ತು.

ಶುಕ್ರವಾರದ ಬಸ್ಸಾರು

ಯಜಮಾನರ ನಿಟ್ಟುಸಿರು ಕೇಳಿ ಕೇಳಿ ನನಗೂ ಸಾಕಾಗಿತ್ತು. ಮನುಷ್ಯನಿಗೆ ಒಂದು ದಿನವಾದರೂ ಸಂತೋಷ ಬೇಡವೇ? ನೂಲು ತರಲು ಬೆಂಗಳೂರಿಗೆ ಹೋದವನು ಒಂದು ಬ್ರೌಸಿಂಗ್ ಸೆಂಟರಿನಲ್ಲಿ ಕೂತೆ. ಸಿಂಗಾಪುರದವನ ಹೆಸರಿನಲ್ಲಿ ಹೊಸ ವಿಳಾಸ ಮಾಡಿ ಬರೆದೆ: ‘ನಿಮ್ಮ ಸೀರೆ ಬಹಳ ಹಿಡಿಸಿತು. ಶುಕ್ರವಾರ ಬರುತ್ತಿದ್ದೇನೆ. ಊಟಕ್ಕೆ ರಾಗಿ ಮುದ್ದೆ, ಬಸ್ಸಾರು ಸಾಕು. ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಇರಲಿ.’ ಎಲ್ಲಿ ಸೀಲು ಬೀಳದೆ ಹೋದೀತೋ ಅಂತ ಕೊನೆಗೆ ‘ಪರೀಕ್ಷಿಸಲಾಗಿದೆ, ವೈರಸ್ ಇಲ್ಲ’ ಅನ್ನೋ ಸಾಲನ್ನೂ ನಾನೇ ಟೈಪ್ ಮಾಡಿದೆ.

ಊರಿಗೆ ಬಂದು ಮೇಲ್ ಓದಿ ಹೇಳಿದಾಗ ಮಡಿಕೆಯಣ್ಣ ಹುಬ್ಬು ಗಂಟು ಹಾಕಿದ. “ಸಿಂಗಾಪುರದೋನಿಗೆ ಬಸ್ಸಾರು ಹೆಂಗೆ ಗೊತ್ತು?”

“ಸೀಲು ಬಿದ್ದಿದೆ ಕಣಯ್ಯಾ!” ಅಂದರು ಯಜಮಾನರು.

ಶೆಡ್ಡಿಗೆ ಸುಣ್ಣ ಬಳಿಸಿದರು, ಬೀದಿ ಗುಡಿಸಿ ನೀರು ಹಾಕಿಸಿದರು. ಶುಕ್ರವಾರ ಮಧ್ಯಾಹ್ನದ ತನಕ ಕಾದರು. ಯಾರೂ ಬರಲಿಲ್ಲ. ಅಷ್ಟು ಒಳ್ಳೇ ಬಸ್ಸಾರು ಹಳಸಬಾರದು ಅಂತ ನಾನೇ ಮುಂದೆ ಬಂದು ಕೂತೆ. ಮೂರನೇ ಮುದ್ದೆ ಮುರಿಯುವಾಗ ಅಮ್ಮಾವ್ರು ಎದುರಿಗೆ ನಿಂತರು.

“ಏನಪ್ಪಾ, ಬೆಳ್ಳುಳ್ಳಿ ಸಾಕಾ?”

“ಹದವಾಗಿದೆ ಅಮ್ಮಾವ್ರೇ.”

“ಸಾಕಾಗ್ದೆ ಏನು, ನೀನು ಹೇಳಿದಷ್ಟೇ ಹಾಕಿದೀನಿ.”

ಪಕ್ಕದಲ್ಲೇ ಕೂತು ಇದನ್ನ ಕೇಳಿಸಿಕೊಂಡ ಯಜಮಾನರು ನನಗೆ ಬೈಯಲಿಲ್ಲ. ಡೀಲರಿಗೆ ಫೋನು ಹಚ್ಚಿ ಅವನಿಗೆ ಬೈದರು.

“ಸಾರ್, ಅದು ಒಳಗೆ ವೈರಸ್ ಇದೆಯಾ ಅಂತ ಮಾತ್ರ ನೋಡುತ್ತೆ, ಅದೂ ಅದಕ್ಕೆ ಗೊತ್ತಿರೋ ವೈರಸ್ಸು,” ಅಂದ ಅವನು. “ಬರೆದೋನು ಯಾರು, ಬರೆದಿದ್ದು ನಿಜಾನಾ ಅಂತೆಲ್ಲ ನೋಡಲ್ಲ. ಆ ಸಾಲನ್ನ ಯಾರು ಬೇಕಾದ್ರೂ ಟೈಪ್ ಮಾಡ್ಬಹುದು.”

“ಸೀಲು ಯಾರು ಬೇಕಾದ್ರೂ ಒತ್ತಬಹುದು ಅಂದ್ಮೇಲೆ ಅದೆಂಥ ಸೀಲಯ್ಯಾ?”

ಸೀಲು ಕಂಡರೆ ಕೈ ಮುಗಿಯುತ್ತಿದ್ದ ಯಜಮಾನರು ಅಂದಿನಿಂದ ಯಾವ ಮೇಲ್ ಬಂದರೂ ಮೊದಲು ನನ್ನ ಮುಖ ನೋಡೋಕೆ ಶುರುಮಾಡಿದರು. ಡೀಲರ್ ಬಿಲ್ಲು ಕಳಿಸಿದರೂ, “ಇದೂ ನಿಂದೇ ತಾನೇ?” ಅಂತ ದುಡ್ಡು ಕೊಡಲೇ ಇಲ್ಲ.

ಪಾಸ್

ಆಮೇಲೆ ಸಿಂಗಾಪುರದವನ ನಿಜವಾದ ಮೇಲ್ ಬಂತು. ‘ಬೆಂಗಳೂರಿಗೆ ಬಂದಿದ್ದೇನೆ. ಶುಕ್ರವಾರ ನಿಮ್ಮ ಶೆಡ್ ನೋಡಿ ಆರ್ಡರ್ ವಿಷಯ ತೀರ್ಮಾನ ಮಾಡುತ್ತೇನೆ.’ ಕೆಳಗೆ ಸೀಲು.

ಯಜಮಾನರು ಬಿದ್ದೂ ಬಿದ್ದೂ ನಕ್ಕರು. “ಮತ್ತೆ ಶುಕ್ರವಾರಾನಾ? ಲೇ, ಸ್ವಲ್ಪ ತಲೆ ಖರ್ಚು ಮಾಡ್ಬಿಟ್ಟು ಬೇರೆ ದಿನ ಆದ್ರೂ ಹಾಕೋ!”

“ನನ್ನಾಣೆ ಇದು ನಂದಲ್ಲ!”

“ನಿನ್ನಾಣೆ ಯಾರಿಗೆ ಬೇಕು?”

“ಮಗ್ಗದಾಣೆ.”

“ಬೆಡ್‌ಶೀಟ್ ಹೊದ್ದಿರೋ ಮಗ್ಗದಾಣೇನಾ?”

ವ್ಯಾಪಾರಿ ಬಂದು ಬೇಸರ ಮಾಡಿಕೊಂಡು ಹೋದರೆ ಆ ಮಗ್ಗಗಳು ಏಳೋ ಹಾಗೇ ಇಲ್ಲ. ಅವನ್ನು ಮಾರಿಬಿಡೋ ಮಾತನ್ನ ಯಜಮಾನರು ಆಗಲೇ ಆಡಿದ್ದರು. ಜೀವಮಾನದಲ್ಲಿ ಅಪರೂಪಕ್ಕೆ ಒಂದು ನಿಜ ಹೇಳಿದರೆ, ಅದಕ್ಕೇ ಗಿರಾಕಿ ಇಲ್ಲ! ಯಜಮಾನರು ಅಮ್ಮಾವ್ರಿಗೂ ಕಟ್ಟಪ್ಪಣೆ ಮಾಡಿದರು: “ವಿಶೇಷ ಏನೂ ಮಾಡ್ಬೇಡ. ಮನೆಗಾಗೋಷ್ಟು ಮುದ್ದೆ ಸಾರು ಮಾಡು, ಸಾಕು.”

ಶುಕ್ರವಾರ ಬಾಗಿಲಿಗೆ ಕಾರು ಬಂತು. ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟವನೊಬ್ಬ ಇಳಿದು ತಮಿಳಿನಲ್ಲಿ ನಮಸ್ಕಾರ ಅಂದ. ಅವನ ಮನೆಮಾತು ತಮಿಳು, ನೂಲು ವ್ಯಾಪಾರದಿಂದಾಗಿ ಯಜಮಾನರಿಗೂ ತಮಿಳು ಬರುತ್ತಿತ್ತು, ಕೇಳಿ ಕೇಳಿ ನಮಗೆಲ್ಲ ಅರ್ಥವಾಗುತ್ತಿತ್ತು.

ಯಜಮಾನರು ಅವನನ್ನ ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, “ಚೆನ್ನಾಗಿರೋನನ್ನೇ ಹಿಡ್ಕೊಂಬಂದಿದೀಯಾ. ಯಾವ ನಾಟಕದ ಕಂಪನಿ? ಹೊಸಕೋಟೆದಾ?” ಅಂದರು.

“ಯಜಮಾನ್ರೇ, ದಮ್ಮಯ್ಯ, ನಿಜವಾದೋನು!”

“ಪರೀಕ್ಷೆ ಮಾಡಿಸೋಣ ಬಿಡು. ಮಡಿಕೆಯಣ್ಣಾ, ಬಾ ಇಲ್ಲಿ. ಈ ಮಾಲು ಸ್ವಲ್ಪ ನೋಡು.”

ಮಡಿಕೆಯಣ್ಣ ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ನೋಡಿದ. ವ್ಯಾಪಾರಿಯ ಭುಜ ಹಿಡಿದು ಬಾಗಿಲ ಬೆಳಕಿಗೆ ನಿಲ್ಲಿಸಿದ. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಕಾಲರ್ ಮಗುಚಿ ಹೊಲಿಗೆ ನೋಡಿದ. ತೋಳಿನ ಬಟ್ಟೆಯನ್ನ ಎರಡು ಬೆರಳಲ್ಲಿ ಉಜ್ಜಿ, “ಬಟ್ಟೆ ಫಾರಿನ್ದೇ,” ಅಂದ. ನಾನು ಗೋಡೆ ಕಡೆ ತಿರುಗಿ ನಿಂತುಬಿಟ್ಟೆ. ಆ ಮನುಷ್ಯ ಇದು ಈ ಕಡೆಯ ಸ್ವಾಗತದ ಪದ್ಧತಿ ಇರಬೇಕು ಅಂದುಕೊಂಡು ತಾನೇ ಇನ್ನೊಂದು ಸುತ್ತು ತಿರುಗಿದ.

ತಿರುಗಿದವನು ಚೀಲದಿಂದ ಒಂದು ಸೀರೆ ತೆಗೆದು ಚಾಚಿದ. ನಾವು ಕಳಿಸಿದ್ದ ಸ್ಯಾಂಪಲ್. ಸೆರಗಿನ ಅಂಚಿನಲ್ಲಿ, ಎಡಕ್ಕೆ ಸ್ವಲ್ಪ ವಾಲಿದ ‘ಪಾಸ್’.

ಮಡಿಕೆಯಣ್ಣ ಅದನ್ನ ಕಣ್ಣಿಗೆ ಹತ್ತಿರ ಹಿಡಿದ. “ಯಜಮಾನ್ರೇ, ಇದು ನನ್ನ ಕೈಯಿಂದು. ಇವ್ರು ನಿಜವಾದೋರು,” ಅಂದವನೇ, ಇಷ್ಟು ವರ್ಷದ ಅಭ್ಯಾಸದಲ್ಲಿ ಸೊಂಟದಿಂದ ಸೀಲು ತೆಗೆದು ಆ ಬಿಳೀ ಅಂಗಿಯ ತೋಳಿನ ಅಂಚಿಗೆ ಟಪ್ ಅಂತ ಒತ್ತಿಬಿಟ್ಟ.

ಯಜಮಾನರು ಅಲ್ಲೇ ಇದ್ದ ನೂಲಿನ ಮೂಟೆಯ ಮೇಲೆ ಕುಸಿದರು. ವ್ಯಾಪಾರಿ ತೋಳು ನೋಡಿಕೊಂಡ, ಸೀರೆ ನೋಡಿದ, ಜೋರಾಗಿ ನಗೋಕೆ ಶುರುಮಾಡಿದ. “ಕೊಳ್ಳೋನನ್ನೇ ಇಷ್ಟು ಪರೀಕ್ಷೆ ಮಾಡೋರು ಸೀರೇನ ಎಷ್ಟು ಮಾಡ್ತೀರೋ! ಒಂದೇ ದಿನ ಹತ್ತು ಸಲ ಶುಭ ಕೋರಿದ್ರಲ್ಲ, ಇಷ್ಟು ಬೆನ್ನು ಹತ್ತೋ ಜನ ಯಾರು ಅಂತ ನೋಡೋಕೇ ಬಂದೆ,” ಅಂದ. ಅಲ್ಲೇ ನಿಂತು ಆರ್ಡರ್ ಹೇಳಿದ. ಯಜಮಾನರು ಎದ್ದು ಹೋಗಿ ಹೊಸ ಮಗ್ಗಗಳ ಬೆಡ್‌ಶೀಟುಗಳನ್ನು ತಾವೇ ಒಂದೊಂದಾಗಿ ಎಳೆದು ಹಾಕಿದರು. ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, “ತಪ್ಪು ತಿಳ್ಕೊಂಡೆ ಕಣಪ್ಪಾ, ಇನ್ಮೇಲೆ ನಿನ್ನ ಮಾತು ನಂಬ್ತೀನಿ,” ಅಂದರು. ನನ್ನ ಕಣ್ಣು ಒದ್ದೆಯಾಗೋದರಲ್ಲಿತ್ತು.

ಆ ನಂಬಿಕೆ ಊಟದ ತನಕ ಬಾಳಿತು.

ಮನೆಯಲ್ಲಿ ಇದ್ದದ್ದು ಮುದ್ದೆ ಮತ್ತೆ ಬಸ್ಸಾರು. ಅಮ್ಮಾವ್ರು ಸಂಕೋಚದಿಂದಲೇ ಬಡಿಸಿದರು. ಸಿಂಗಾಪುರದವನು ಒಂದು ತುತ್ತು ಅದ್ದಿ ನುಂಗಿ, ಕಣ್ಣು ಮುಚ್ಚಿ, ತಲೆದೂಗಿ ಹೇಳಿದ: “ಬಹಳ ಚೆನ್ನಾಗಿದೆ ತಾಯಿ. ಬೆಳ್ಳುಳ್ಳಿ ಮಾತ್ರ ಸ್ವಲ್ಪ ಜಾಸ್ತಿ ಇರಬೇಕಿತ್ತು.”

ಯಜಮಾನರ ಕೈಯಲ್ಲಿದ್ದ ಮುದ್ದೆ ಅರ್ಧದಲ್ಲೇ ನಿಂತಿತು. ಅಮ್ಮಾವ್ರ ಸೌಟೂ ನಿಂತಿತು. ಮಡಿಕೆಯಣ್ಣ ಮೆಲ್ಲಗೆ ಸೀಲು ಒತ್ತಿದ ತೋಳಿನ ಕಡೆ ನೋಡಿದ. ಆಮೇಲೆ ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು.